ಹುಸಿ ರೂಟಿನ ದಫ್ತರು

ಕೇಳುಗರಿಗೆ ನಮಸ್ಕಾರ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಇರುವುದರಿಂದ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಹೊಸತಲ್ಲ. ಶಾಲೆ ಮುಗಿಸಿದ ಮೇಲೆ ಅಡಿಕೆ ತೋಟದ ಪಂಪು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ತಾವೇ ಲಿನಕ್ಸ್ ಕಟ್ಟಬೇಕೆಂದು ಹೊರಡುವ ಹುಡುಗ ಹುಡುಗಿಯರಿಗಾಗಿ ಇಂದಿನ ಮಾತು.

ಬೋರ್ಡಿಗೆ ಹೋಗುವ ಫೈಲ್ ಸಿಸ್ಟಮ್, ಅಂದರೆ ಅದರ ಫೈಲುಗಳೆಲ್ಲದರ ಕಟ್ಟು, ಸಿದ್ಧವಾಗುವುದು ನಮ್ಮ ಲ್ಯಾಪ್‌ಟಾಪಿನಲ್ಲಿ. ಅದರ ಬಹುಪಾಲು ಫೈಲುಗಳು ರೂಟ್, ಅಂದರೆ ಸರ್ವಾಧಿಕಾರವಿರುವ ಬಳಕೆದಾರನ, ಹೆಸರಿನಲ್ಲಿರಬೇಕು. ಒಡೆತನ ಬದಲಿಸುವ ಅಧಿಕಾರವೋ ಲ್ಯಾಪ್‌ಟಾಪಿನ ರೂಟ್‌ಗೆ ಮಾತ್ರ. ಹಾಗೆಂದು ಎಲ್ಲದಕ್ಕೂ ರೂಟ್ ಅಧಿಕಾರ ಕೊಡುವ ಸುಡೊ ಆಜ್ಞೆ ಹಾಕುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಸ್ಕ್ರಿಪ್ಟಿನಲ್ಲಿ ಕೋಶದ ದಾರಿ ಇರಬೇಕಾದ ಜಾಗ ಖಾಲಿ ಉಳಿದರೆ, ಬೋರ್ಡಿನ ಇಟಿಸಿ ಎಂಬ ಸೆಟ್ಟಿಂಗುಗಳ ಕೋಶವನ್ನು ಅಳಿಸಲು ಹೋದ ಆಜ್ಞೆ ನಿಮ್ಮ ಲ್ಯಾಪ್‌ಟಾಪಿನ ಇಟಿಸಿಯನ್ನೇ ಗುಡಿಸಿ ಹಾಕುತ್ತದೆ.

ಈ ಕಾರಣಕ್ಕೇ ಫೇಕ್‌ರೂಟ್ ಬಂದದ್ದು. 1990ರ ದಶಕದಲ್ಲಿ ಡೆಬಿಯನ್ ಎಂಬ ಲಿನಕ್ಸ್ ಬಳಗದಲ್ಲಿ ಹುಟ್ಟಿದ ಈ ಸಾಧನ ಯಾರಿಗೂ ನಿಜವಾದ ಅಧಿಕಾರ ಕೊಡುವುದಿಲ್ಲ. ಒಡೆತನ ಬದಲಿಸುವ ಚೌನ್ ಆಜ್ಞೆಯನ್ನು ನಡುದಾರಿಯಲ್ಲಿ ಹಿಡಿದು, ‘ಆಯಿತು’ ಎಂದು ಉತ್ತರ ಕೊಟ್ಟು, ತನ್ನ ದಫ್ತರಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಡಿಸ್ಕಿನ ಮೇಲೆ ಫೈಲು ನಿಮ್ಮದೇ. ನಮ್ಮ ವಿಲ್ಲೇಜ್ ಆಫೀಸಿನಲ್ಲಿ ಜಾಗವನ್ನು ಗುರುತಿಸುವುದು ಸರ್ವೆ ನಂಬರಿನಿಂದ ತಾನೆ? ಇಲ್ಲಿಯೂ ಫೈಲಿನ ಹೆಸರಿಗೆ ಬೆಲೆಯಿಲ್ಲ, ಅದಕ್ಕೆ ಫೈಲ್ ಸಿಸ್ಟಮ್ ಕೊಡುವ ಐನೋಡ್ ಸಂಖ್ಯೆಯೇ ಆಧಾರ.

ತೊಡಕು ಹುಟ್ಟುವುದೂ ಅಲ್ಲಿಂದಲೇ. ಪಂಪು ನಡೆಸುವ ಪ್ರೋಗ್ರಾಮು, ಅಂದರೆ ಸೇವೆ, ಓದುವ ಗುಪ್ತಪದದ ಫೈಲು ಆ ಸೇವೆಯ ಹೆಸರಿನಲ್ಲಿದೆ, ಅನುಮತಿ 600, ಅಂದರೆ ಒಡೆಯ ಮಾತ್ರ ಓದಿ ಬರೆಯಬಹುದು ಎಂದಿಟ್ಟುಕೊಳ್ಳಿ. ಫೇಕ್‌ರೂಟ್ ತನ್ನ ದಫ್ತರನ್ನು ಉಳಿಸಿ ಹೊರಬಂದಿದೆ. ಈಗ ನೀವು ಹೊರಗಿನಿಂದ ಸೆಡ್ ಆಜ್ಞೆಯ ಐ ಆಯ್ಕೆಯಿಂದ ಒಂದು ಸಾಲು ತಿದ್ದುತ್ತೀರಿ. ಸೆಡ್ ಹಳೆಯ ಫೈಲನ್ನು ಮುಟ್ಟುವುದಿಲ್ಲ. ಹೊಸದೊಂದನ್ನು ಬರೆದು ಅದಕ್ಕೆ ಹಳೆಯ ಹೆಸರಿಡುತ್ತದೆ. ಐನೋಡ್ ಬದಲಾಯಿತು. ಮತ್ತೆ ದಫ್ತರು ತೆರೆದಾಗ ಆ ಸಂಖ್ಯೆ ಅಲ್ಲಿಲ್ಲ, ಆದ್ದರಿಂದ ಫೈಲು ರೂಟ್‌ನ ಪಾಲಾಗುತ್ತದೆ. ಬೋರ್ಡಿನಲ್ಲಿ ಸೇವೆಗೆ ಅದನ್ನು ಓದಲಾಗುವುದಿಲ್ಲ. ತೆರೆದು ನೋಡಿದರೆ ಒಳಗಿನ ಬರಹ ಅಚ್ಚುಕಟ್ಟಾಗಿಯೇ ಇರುತ್ತದೆ! ಅಳಿಸಿದ ಫೈಲಿನ ಸಂಖ್ಯೆ ಇನ್ನೊಂದಕ್ಕೆ ದಕ್ಕಿ, ಹಳೆಯ ಒಡೆತನ ಅದಕ್ಕೆ ಅಂಟಿಕೊಳ್ಳುವುದೂ ಉಂಟು. ಬೋರ್ಡುಗಳಿಗೆ ಲಿನಕ್ಸ್ ಕಟ್ಟುವ ಯೋಕ್ಟೊದಲ್ಲಿ ಫೇಕ್‌ರೂಟ್ ಬದಲಿಗಿರುವ ಸ್ಯೂಡೊ ಎಸ್‌ಕ್ಯೂಲೈಟ್ ದತ್ತಸಂಚಯದಲ್ಲಿ ಫೈಲಿನ ದಾರಿಯನ್ನೂ ಬರೆದಿಡುತ್ತದೆ. ದಾರಿಯೂ ಐನೋಡೂ ತಾಳೆಯಾಗದಿದ್ದರೆ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಬೈಯುವವರು ಬೈಯಲಿ, ನನಗೆ ಆ ಹಟಮಾರಿತನವೇ ಹಿತ.

ಬೋರ್ಡಿಗೆ ಲಿನಕ್ಸ್ ಕಟ್ಟುವ ಇನ್ನೊಂದು ಸಾಧನವಾದ ಬಿಲ್ಡ್‌ರೂಟ್ ಬಳಸುವವರು ಫೈಲುಗಳು ತಯಾರಾಗುವ ಟಾರ್ಗೆಟ್ ಕೋಶಕ್ಕೆ ಕೈ ಹಾಕಬೇಡಿ. ‘ಇದು ನಿಮ್ಮ ರೂಟ್ ಫೈಲ್ ಸಿಸ್ಟಮ್ ಅಲ್ಲ’ ಎಂಬರ್ಥದ ಹೆಸರಿನ ಫೈಲೊಂದನ್ನು ಅದನ್ನು ಮಾಡಿದವರೇ ಒಳಗಿಟ್ಟಿದ್ದಾರೆ. ಬರಹ ತಿದ್ದಬೇಕೆ? ಟಾರ್ಗೆಟ್ ಮೇಲೆ ನಕಲಾಗುವ ಓವರ್‌ಲೇ ಕೋಶವಿದೆ, ಫೈಲುಗಳು ಸಿದ್ಧವಾದ ಮೇಲೆ ಓಡುವ ಪೋಸ್ಟ್ ಬಿಲ್ಡ್ ಸ್ಕ್ರಿಪ್ಟ್ ಇದೆ. ಒಡೆತನದ ಮಾತು ಬೇರೆ: ಫೇಕ್‌ರೂಟ್ ಹಂತ ಶುರುವಾಗುತ್ತಲೇ ಎಲ್ಲವೂ ರೂಟ್ ಹೆಸರಿಗೆ ಬರುತ್ತದೆ. ಆದ್ದರಿಂದ ಅದನ್ನು ಅನುಮತಿ ಪಟ್ಟಿಯಲ್ಲಿ ಬರೆಯಿರಿ, ಇಲ್ಲವೇ ದಫ್ತರು ತೆರೆದಿರುವಾಗಲೇ ಓಡುವ ಪೋಸ್ಟ್ ಫೇಕ್‌ರೂಟ್ ಸ್ಕ್ರಿಪ್ಟಿನಲ್ಲಿ ಹಾಕಿ. ಸ್ಟ್ಯಾಟಿಕ್ ಆಗಿ, ಅಂದರೆ ಲೈಬ್ರರಿಗಳನ್ನು ಒಳಗೇ ಸೇರಿಸಿ, ಕಟ್ಟಿದ ಸಾಧನಗಳನ್ನು ಮಾತ್ರ ಅಲ್ಲಿ ಬಳಸಬೇಡಿ. ಫೇಕ್‌ರೂಟ್ ಅವುಗಳನ್ನು ಹಿಡಿಯಲಾರದು.

ಕೊನೆಗೆ, ಇಮೇಜನ್ನು ಕಾರ್ಡಿಗೆ ಬರೆಯುವ ಮುನ್ನ ಟಾರ್ ಆಜ್ಞೆಗೆ ಟಿವಿಎಫ್ ಕೊಟ್ಟು, ಆ ಫೈಲುಗಳನ್ನೆಲ್ಲ ಕಟ್ಟಿಟ್ಟ ಟಾರ್ ಕಡತದ ಪಟ್ಟಿ ತೆಗೆಯಿರಿ. ಒಡೆಯರ ಹೆಸರಿನ ಕಾಲಮ್ಮಿನಲ್ಲಿ ಲ್ಯಾಪ್‌ಟಾಪಿನ ನಿಮ್ಮ ಬಳಕೆದಾರ ಹೆಸರು ಕಂಡರೆ ಆ ಇಮೇಜು ಬೋರ್ಡಿಗೆ ಬೇಡ.