ರಾಗಿ ಕಣದಲ್ಲಿ ಪುಟ್ಟ ಬೈಕು

ಕೇಳುಗರೆಲ್ಲರಿಗೂ ನಮಸ್ಕಾರ.

ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತ ಮಗುವನ್ನು ನೀವೆಲ್ಲ ನೋಡಿರುತ್ತೀರಿ. ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದಿರುತ್ತದೆ. ಬಾಯಲ್ಲಿ ಡುರ್ ಡುರ್ ಅಂತ ಸದ್ದು ಮಾಡುತ್ತಿರುತ್ತದೆ. ಹಿಂದೆ ಕೂತ ಅಪ್ಪನಿಗೆ ಹೆಮ್ಮೆ. ನಾನೂ ಹಾಗೇ ಟ್ಯಾಂಕಿನ ಮೇಲೆ ಕೂತು ಬೆಳೆದವನು. ನನ್ನ ಅಕ್ಕನ ಮಗಳು ಪುಟ್ಟಿಯನ್ನೂ ಹಾಗೇ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ್ದೆ. ಈಗ ಕೂರಿಸಲ್ಲ. ಜೋರಾಗಿ ಬ್ರೇಕ್ ಹಾಕಿದರೆ ಮಗುವಿನ ಎದೆ ನೇರ ಹ್ಯಾಂಡಲ್‌ಗೆ ಬಡಿಯುತ್ತದೆ. ಹಿಂದಿನಿಂದ ನಮ್ಮ ಭಾರವೂ ಅದರ ಮೇಲೇ ಬೀಳುತ್ತದೆ. 2023ರ ಫೆಬ್ರುವರಿಯಿಂದ ಇದಕ್ಕೊಂದು ನಿಯಮವೂ ಜಾರಿಗೆ ಬಂದಿದೆ. 4 ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಕರೆದುಕೊಂಡು ಹೋಗುವಾಗ ಅದರ ಅಳತೆಯ ಹೆಲ್ಮೆಟ್ ಬೇಕು, ಓಡಿಸುವವರಿಗೆ ಸೇರಿಸಿ ಕಟ್ಟುವ ಪಟ್ಟಿ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು.

ಪುಟ್ಟಿಗೆ ಆರು ತುಂಬಿದ ದಿನ ಅವಳು ನನ್ನ ಹತ್ತಿರ ಬಂದು ಕೇಳಿದಳು, "ಮಾವ, ನಂಗೆ ನಂದೇ ಬೈಕ್ ಬೇಕು. ಮಣ್ಣಲ್ಲಿ ಓಡಿಸೋದು."

ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಮಕ್ಕಳ ಮೂಳೆ ಮುರಿದದ್ದನ್ನು ಕಣ್ಣಾರೆ ನೋಡುವವಳು. "ಬೆಳೆಯೋ ಮಕ್ಕಳ ಮೂಳೆಯ ತುದಿ ಇನ್ನೂ ಮೆತ್ತಗಿರುತ್ತೆ ಕಣೋ. ಅಲ್ಲೇ ಪೆಟ್ಟಾದರೆ ಆ ಮೂಳೆ ಸರಿಯಾಗಿ ಬೆಳೆಯದೇ ಹೋಗಬಹುದು" ಅಂದಳು. ಅಮೆರಿಕದ ಮಕ್ಕಳ ವೈದ್ಯರ ಸಂಘವಂತೂ 16 ವರ್ಷ ತುಂಬುವವರೆಗೆ ಇಂಥ ಗಾಡಿಯೇ ಬೇಡ ಅನ್ನುತ್ತದೆ. ಅದನ್ನೂ ಅವಳೇ ಹೇಳಿದಳು. ಆ ಮಾತನ್ನು ನಾನು ತಳ್ಳಿಹಾಕಲಿಲ್ಲ, ಈಗಲೂ ತಳ್ಳಿಹಾಕುವುದಿಲ್ಲ. ಮಕ್ಕಳಿಗೆ ಬೈಕ್ ಬೇಡ ಅಂತ ತೀರ್ಮಾನಿಸಿದ ಅಪ್ಪ ಅಮ್ಮಂದಿರ ಜೊತೆ ನನಗೆ ಜಗಳವಿಲ್ಲ. ಕಲಿಸಬೇಕು ಅಂತ ಹೊರಟವರಿಗೆ ಮಾತ್ರ ಇವತ್ತಿನ ನನ್ನ ಮಾತು. ಮೊದಲು ಕಲಿಸಬೇಕಾದ್ದು ಓಡಿಸೋದನ್ನಲ್ಲ, ನಿಲ್ಲಿಸೋದನ್ನ.

ಅಕ್ಕ ಒಂದು ವಾರ ಯೋಚನೆ ಮಾಡಿ ಒಪ್ಪಿದಳು. ಎರಡು ಷರತ್ತು ಹಾಕಿದಳು. ರಸ್ತೆಗೆ ಇಳಿಸಬಾರದು. ಎಗರಿಸೋದು, ಹಾರಿಸೋದು ಏನೂ ಇರಬಾರದು.

ರಸ್ತೆಯ ಮಾತಿನಲ್ಲಿ ಕಾನೂನೂ ಅಕ್ಕನ ಕಡೆಗೇ ಇದೆ. ಗೇರ್ ಇಲ್ಲದ 50 ಸಿಸಿ ಒಳಗಿನ ಗಾಡಿಗೂ 16 ತುಂಬಿರಬೇಕು, ಉಳಿದದ್ದಕ್ಕೆ 18. ಚಿಕ್ಕ ಮಕ್ಕಳ ಕೈಗೆ ಗಾಡಿ ಕೊಟ್ಟು ರಸ್ತೆಗೆ ಬಿಟ್ಟು, ಅವರಿಂದ ತಪ್ಪಾದರೆ ಮನೆಯ ದೊಡ್ಡವರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಬಂದದ್ದು ಇದು. ಹಳ್ಳಿಯ ರಸ್ತೆ, ಕೆರೆ ಏರಿಯ ರಸ್ತೆ ಅಂದರೂ ಅದು ರಸ್ತೆಯೇ.

ನಮ್ಮದು ಮಾಲೂರಿನ ಕಡೆ ಊರು. ಸಂಕ್ರಾಂತಿ ಕಳೆದು ಒಕ್ಕಣೆ ಮುಗಿದಿತ್ತು, ಕಣ ಖಾಲಿ ಬಿದ್ದಿತ್ತು. ಗಟ್ಟಿಯಾಗಿ ಬಡಿದು ಸಾರಿಸಿದ ನೆಲ. ಕಲ್ಲಿಲ್ಲ, ಗುಂಡಿಯಿಲ್ಲ, ಗಾಡಿ ಬರಲ್ಲ. ಒಂದು ಪಕ್ಕಕ್ಕೆ ರಾಗಿ ಹುಲ್ಲಿನ ಮೆದೆ. ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತೆ ಹೇಳಿ?

ಮೊದಲ ತಿಂಗಳು ಇಂಜಿನ್ನೇ ಇರಲಿಲ್ಲ. ಅವಳ ಹಳೇ ಸೈಕಲ್ಲಿನ ಪೆಡಲ್ ಎರಡನ್ನೂ ಬಿಚ್ಚಿದೆ. ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ, ನೆನಪಿರಲಿ. ಗೊತ್ತಿಲ್ಲದೆ ಬಿಚ್ಚಲು ಹೋದರೆ ಇನ್ನೂ ಬಿಗಿಯಾಗುತ್ತದೆ. ಎರಡೂ ಪಾದ ಪೂರ್ತಿ ನೆಲಕ್ಕೆ ಊರುವ ಹಾಗೆ ಸೀಟು ಇಳಿಸಿದೆ. ಅವಳು ಕಾಲಲ್ಲಿ ನೆಲ ಒದ್ದುಕೊಂಡು ಹೋಗೋದು, ಸ್ವಲ್ಪ ವೇಗ ಬಂದ ಮೇಲೆ ಎರಡೂ ಕಾಲು ಎತ್ತೋದು. ಎರಡನೇ ವಾರಕ್ಕೆ ಕಣದ ಈ ತುದಿಯಿಂದ ಆ ತುದಿಯವರೆಗೆ ಕಾಲು ಊರದೆ ತೇಲಿ ಹೋದಳು. ಪಕ್ಕದಲ್ಲಿ ಪುಟಾಣಿ ಚಕ್ರ ಹಾಕಿದ ಸೈಕಲ್ಲಿನಲ್ಲಿ ಈ ಬ್ಯಾಲೆನ್ಸ್ ಬರುವುದೇ ಇಲ್ಲ. ಅದು ಬಂದ ಮಗುವಿಗೆ ಬೈಕಿನಲ್ಲಿ ಕಲಿಯಲು ಉಳಿಯುವುದು ಥ್ರಾಟಲ್, ಅಂದರೆ ತಿರುವಿದರೆ ವೇಗ ಹೆಚ್ಚುವ ಬಲಗೈ ಹಿಡಿ, ಮತ್ತು ಬ್ರೇಕ್ ಅಷ್ಟೇ.

ಬ್ರೇಕಿಗೆ ಒಂದು ಆಟ ಸಿಕ್ಕಿತು. ನಮ್ಮ ಮಕ್ಕಳು ಆಡುವ ಸ್ಟ್ಯಾಚ್ಯೂ ಆಟ. ನಾನು "ಸ್ಟ್ಯಾಚ್ಯೂ" ಅಂದರೆ ಅವಳು ಎಲ್ಲಿದ್ದರೂ ಬ್ರೇಕ್ ಒತ್ತಿ ನಿಲ್ಲಬೇಕು. "ಓವರ್" ಅನ್ನುವವರೆಗೆ ಮಿಸುಕಬಾರದು. ದಿನಕ್ಕೆ ಐವತ್ತು ಸಲವಾದರೂ ಆಡಿದೆವು. ಅವಳಿಗೆ ಅದು ಪಾಠ ಅಂತ ಅನಿಸಲೇ ಇಲ್ಲ.

ಆಮೇಲೆ ಬೈಕು. ಪರಿಚಯದವರಿಂದ ಒಂದು ಹಳೇ ಯಮಹಾ ಪಿಡಬ್ಲ್ಯೂ 50 ತಂದೆ. 1980ರ ದಶಕದ ಶುರುವಿನಿಂದ ಹೆಚ್ಚು ಬದಲಾಗದೆ ಬಂದಿರುವ ಗಾಡಿ ಇದು. 49 ಸಿಸಿ, ಗೇರಿಲ್ಲ, ಕ್ಲಚ್ಚಿಲ್ಲ. ತೂಕ ಸುಮಾರು 40 ಕಿಲೋ. ಸೀಟಿನ ಎತ್ತರ ಅರ್ಧ ಮೀಟರಿಗಿಂತ ಕಡಿಮೆ, ಹತ್ತಿ ಕೂತರೆ ಪುಟ್ಟಿಯ ಎರಡೂ ಪಾದ ನೆಲಕ್ಕೆ ಊರುತ್ತಿತ್ತು. ಎರಡೂ ಬ್ರೇಕು ಸೈಕಲ್ಲಿನ ಹಾಗೆ ಕೈಯಲ್ಲೇ. ಚೈನಿನ ಬದಲು ಶಾಫ್ಟು, ಅಂದರೆ ಮುಚ್ಚಿದ ಕೊಳವೆಯೊಳಗೆ ತಿರುಗುವ ಸರಳು, ಹಾಗಾಗಿ ಬೆರಳು, ಬಟ್ಟೆ ಸಿಕ್ಕಿಕೊಳ್ಳುವ ಭಯವಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಥ್ರಾಟಲ್ ಹತ್ತಿರ ಇರುವ ಒಂದು ಸಣ್ಣ ಸ್ಕ್ರೂ. ಅದನ್ನು ಒಳಗೆ ತಿರುಗಿಸಿದಷ್ಟೂ ಥ್ರಾಟಲ್ ಕಡಿಮೆ ತೆರೆದುಕೊಳ್ಳುತ್ತದೆ. ಮಗು ಎಷ್ಟೇ ತಿರುವಿದರೂ ಗಾಡಿ ನಡಿಗೆಯ ವೇಗ ದಾಟಲ್ಲ.

ಮಕ್ಕಳ ಅಳತೆಗೆ ಗಾಡಿ ಮಾಡುವುದು ಹೊಸದೇನಲ್ಲ. ಹೋಂಡಾದವರು 1961ರಲ್ಲಿ ಟೋಕಿಯೋದ ಟಾಮಾ ಟೆಕ್ ಅನ್ನುವ ಮನರಂಜನಾ ಪಾರ್ಕಿಗೆ ಅಂತ ಒಂದು ಪುಟಾಣಿ ಬೈಕ್ ಮಾಡಿದ್ದರು. ಅದೇ ಮುಂದೆ ಮಂಕಿ ಬೈಕ್ ಆಗಿ ಲೋಕವೆಲ್ಲ ಸುತ್ತಿತು. ಆದರೆ ಚಿಕ್ಕದಾಗಿ ಕಾಣುವುದೆಲ್ಲ ಮಕ್ಕಳಿಗೆ ಹೊಂದುವ ಗಾಡಿಯಲ್ಲ. ಕೆಟಿಎಂ 50 ಎಸ್ಎಕ್ಸ್ ನೋಡಲು ಪುಟ್ಟದು, ಆದರೆ ಅದು ರೇಸಿಗೆ ಅಂತಲೇ ಮಾಡಿದ ಗಾಡಿ, ಮೊದಲ ಸಲ ಕೂರುವ ಮಗುವಿಗೆ ಅದರ ಎಳೆತ ಜಾಸ್ತಿಯಾಯಿತು. ಅಗ್ಗಕ್ಕೆ ಸಿಗುವ ಹೆಸರಿಲ್ಲದ ಬೈಕುಗಳೂ ಇವೆ. ಕೊಳ್ಳುವ ಮುಂಚೆ ಮಗುವನ್ನು ಕರೆದುಕೊಂಡು ಹೋಗಿ, ಅದರ ಬೆರಳು ಬ್ರೇಕ್ ಲಿವರಿಗೆ ಎಟಕುತ್ತದೆಯೇ, ಒತ್ತುವಷ್ಟು ಬಲ ಇದೆಯೇ ನೋಡಿ. ಚೈನಿಗೆ ಮುಚ್ಚಳ ಇದೆಯೇ, ವೇಗ ಕಡಿಮೆ ಮಾಡುವ ದಾರಿ ಇದೆಯೇ ಕೇಳಿ. ಇಲ್ಲ ಅಂದರೆ ಬಿಟ್ಟು ಬನ್ನಿ. ಬ್ಯಾಟರಿ ಬೈಕಿನಲ್ಲಿ ಇನ್ನೊಂದು ತೊಂದರೆ. ಸದ್ದಿಲ್ಲದ ಕಾರಣ ಗಾಡಿ ಆನ್ ಇದೆ ಅನ್ನುವುದೇ ಮಕ್ಕಳಿಗೆ ಮರೆತುಹೋಗುತ್ತದೆ. ನಿಂತಲ್ಲೇ ಥ್ರಾಟಲ್ ತಿರುವಿಬಿಡುತ್ತಾರೆ.

ಹೆಲ್ಮೆಟ್ ವಿಷಯದಲ್ಲಿ ನಾವು ಶಾಲೆಯ ಯೂನಿಫಾರ್ಮಿನ ಲೆಕ್ಕ ಹಾಕುತ್ತೇವೆ, ಅಲ್ವಾ? ಮುಂದಿನ ವರ್ಷಕ್ಕೂ ಆಗಲಿ ಅಂತ ದೊಡ್ಡದು ತರುವುದು. ಹೆಲ್ಮೆಟ್ಟಿಗೆ ಆ ಲೆಕ್ಕ ಸಲ್ಲದು. ಹುಬ್ಬಿನ ಮೇಲೆ ಟೇಪು ಸುತ್ತಿ ತಲೆಯ ಅಳತೆ ತೆಗೆದು, ಇವತ್ತಿಗೆ ಸರಿಯಾಗುವುದನ್ನೇ ತನ್ನಿ. ಹಾಕಿ, ಗದ್ದದ ಪಟ್ಟಿ ಬಿಗಿದು, ಹಿಂದಿನಿಂದ ಮೇಲಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಅದು ಬೇಡ. ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ ಹೋದರೂ ಬೇಡ. ಜೋರಾಗಿ ಪೆಟ್ಟು ತಿಂದದ್ದನ್ನು ಮತ್ತೆ ಹಾಕಿಸಬೇಡಿ. ದಿನಗಟ್ಟಲೆ ಮರಳುಗಾಡು, ಬೆಟ್ಟ ದಾಟುವ ಡಾಕರ್ ರ‍್ಯಾಲಿ ಅನ್ನುವ ರೇಸನ್ನು 2015ರಲ್ಲಿ ಪೂರ್ತಿ ಮಾಡಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. 2021ರ ಡಾಕರ್‌ನಲ್ಲಿ ಬಿದ್ದು ಅವರಿಗೇ ತಲೆಗೆ ಭಾರೀ ಪೆಟ್ಟಾಗಿತ್ತು, ಚೇತರಿಸಿಕೊಂಡು ಬಂದರು. ಅಷ್ಟು ಪಳಗಿದವರಿಗೇ ಹಾಗಾದ ಮೇಲೆ ಆರು ವರ್ಷದ ಮಗುವಿನ ತಲೆಯ ಬಗ್ಗೆ ಇನ್ನೆಷ್ಟು ಜೋಪಾನ ಬೇಕು ನೋಡಿ. ಇನ್ನು ಗ್ಲೌಸ್, ಮಂಡಿ ಮೊಣಕೈಗೆ ಪ್ಯಾಡು, ಗಿಣ್ಣು ಮುಚ್ಚುವ ಬೂಟು, ಉದ್ದ ತೋಳಿನ ಅಂಗಿ. ಸೈಲೆನ್ಸರ್ ಸುಡುತ್ತದೆ, ಚಡ್ಡಿಯಲ್ಲಿ ಕೂರಿಸಲೇಬೇಡಿ.

ಈಗ ನನ್ನಿಂದಾದ ಒಂದು ತಪ್ಪು ಹೇಳಬೇಕು.

ಇಂಜಿನ್ ಶುರು ಮಾಡಿದ ಮೊದಲ ದಿನ. ಸ್ಕ್ರೂ ಒಳಗೆ ತಿರುಗಿಸಿದ್ದೆ. ಪುಟ್ಟಿ ಚೆನ್ನಾಗೇ ಹೊರಟಳು. ಗಾಡಿ ಮೆದೆಯ ಕಡೆ ತಿರುಗಿತು. ನಾನು ಗಾಬರಿಯಿಂದ ಓಡುತ್ತಾ "ಬ್ರೇಕ್ ಹಿಡಿ! ಬ್ರೇಕ್! ಬಿಡು, ಬಿಡು!" ಅಂತ ಕಿರುಚಿದೆ. ಅವಳು ಹೆದರಿದಳು. ಹೆದರಿದ ಮಗು ಕೈಯಲ್ಲಿರುವುದನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಮೈ ಹಿಂದಕ್ಕೆ ವಾಲುತ್ತದೆ. ಮೈ ವಾಲಿದರೆ ಮಣಿಕಟ್ಟು ಕೆಳಗಿಳಿದು ಥ್ರಾಟಲ್ ಪೂರ್ತಿ ತೆರೆಯುತ್ತದೆ. ಗಾಡಿ ನೇರ ಹೋಗಿ ಹುಲ್ಲಿಗೆ ಹೊಕ್ಕಿತು. ಪೆಟ್ಟೇನೂ ಆಗಲಿಲ್ಲ. ಹುಲ್ಲು ಮೆತ್ತಗಿತ್ತು, ವೇಗ ನಡಿಗೆಯಷ್ಟೇ ಇತ್ತು. ಆದರೆ ಅವಳು ಎದ್ದು ಮೊದಲು ನೋಡಿದ್ದು ನನ್ನ ಮುಖವನ್ನು. ನನ್ನ ಮುಖದಲ್ಲಿದ್ದ ಭಯ ನೋಡಿ ಅತ್ತಳು.

ಅಕ್ಕ ನನಗೆ ಬೈಯಲಿಲ್ಲ. ಮೆಲ್ಲಗೆ ಕೇಳಿದಳು, "ಸ್ಟ್ಯಾಚ್ಯೂ ಅಂತ ಯಾಕೋ ಅನ್ನಲಿಲ್ಲ?"

ಹೌದಲ್ಲ! ತಿಂಗಳೆಲ್ಲ ಒಂದು ಮಾತು ಕಲಿಸಿ, ಬೇಕಾದ ಹೊತ್ತಿಗೆ ಬೇರೆ ಮಾತು ಕಿರುಚಿದ್ದೆ. ಅದೂ ಒಂದೇ ಉಸಿರಿಗೆ "ಹಿಡಿ" ಅಂತಲೂ "ಬಿಡು" ಅಂತಲೂ. ಮಗು ಯಾವುದನ್ನು ಕೇಳಬೇಕು?

ಆಮೇಲೆ ಹತ್ತು ದಿನ ಮತ್ತೆ ಇಂಜಿನ್ ಆಫ್. ನಾನು ಹಿಂದಿನಿಂದ ಗಾಡಿ ತಳ್ಳುವುದು, "ಸ್ಟ್ಯಾಚ್ಯೂ" ಅನ್ನುವುದು, ಅವಳು ನಿಲ್ಲಿಸುವುದು. ಬೈಕಿಗೆ ಕಿಲ್ ಸ್ವಿಚ್ಚಿನ ದಾರವನ್ನೂ ಹಾಕಿಸಿದೆ. ಒಂದು ತುದಿ ಗಾಡಿಯಲ್ಲಿ, ಇನ್ನೊಂದು ತುದಿ ಸವಾರರ ಮಣಿಕಟ್ಟಿನಲ್ಲಿ. ಬಿದ್ದರೆ ದಾರ ಕಿತ್ತು ಬಂದು ಇಂಜಿನ್ ತಾನಾಗಿ ನಿಲ್ಲುತ್ತದೆ. ಆ ದಾರ ಕಟ್ಟುವ ಕೆಲಸ ಅಕ್ಕನದು. ಅಕ್ಕ ಕಟ್ಟದೆ ಗಾಡಿ ಶುರುವಾಗಲ್ಲ.

ನಮ್ಮ ಹಾಗೆ ಕಣವಿಲ್ಲದವರು, ನಮಗೆ ಕಲಿಸಲು ಬರಲ್ಲ ಅನ್ನುವವರು ಕಲಿಸುವವರ ಹತ್ತಿರ ಹೋಗಬಹುದು. ಸಂತೋಷ್ ಅವರೇ ಕೋಲಾರದ ಕಡೆ ಬಿಗ್ ರಾಕ್ ಡರ್ಟ್‌ಪಾರ್ಕ್ ಅಂತ ಮಣ್ಣಿನ ಟ್ರ್ಯಾಕ್ ಕಟ್ಟಿ ತರಬೇತಿ ಶುರು ಮಾಡಿದರು. ಎಲ್ಲೇ ಹೋದರೂ ಮಗುವಿನ ವಯಸ್ಸು ಹೇಳಿ, ಆ ಅಳತೆಯ ಗಾಡಿ ಇದೆಯೇ ಅಂತ ಮೊದಲೇ ವಿಚಾರಿಸಿ. ಹೆಣ್ಣು ಮಗು ಅಂತ ಹಿಂಜರಿಯುವವರೂ ಇದ್ದಾರೆ. 2019ರಲ್ಲಿ ಬಾಹಾ ಅನ್ನುವ ಮಣ್ಣು ಮರಳಿನ ಬೈಕ್ ರೇಸುಗಳ ವಿಶ್ವಕಪ್ಪಿನ ಮಹಿಳೆಯರ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಬೆಂಗಳೂರಿನ ಹುಡುಗಿ. ಆ ಗೆಲುವಿನ ಫೋಟೋವನ್ನು ಪುಟ್ಟಿ ತನ್ನ ಪುಸ್ತಕದ ಬೀರುವಿಗೆ ಅಂಟಿಸಿಕೊಂಡಿದ್ದಾಳೆ.

ಒಂದು ಸಲಕ್ಕೆ ಹದಿನೈದು ನಿಮಿಷ ಸಾಕು. ಅದಕ್ಕಿಂತ ಜಾಸ್ತಿಯಾದರೆ ಮಕ್ಕಳ ಬೆರಳು ಸೋಲುತ್ತದೆ, ಬ್ರೇಕ್ ಒತ್ತಲು ಆಗಲ್ಲ. ಬಿಸಿಲೇರುವ ಮುಂಚೆ ಓಡಿಸಿ, ಇಳಿಸಿ, ಒಂದು ಲೋಟ ಮಜ್ಜಿಗೆ ಕೊಡಿ. "ಇವತ್ತು ಬೇಡ" ಅಂದ ದಿನ ಬಿಟ್ಟುಬಿಡಿ. ಸುಮ್ನೆ ಹುರಿದುಂಬಿಸಬೇಡಿ. ನೋಡಲು ಬಂದ ನೆಂಟರಿಗೆ ತೋರಿಸಲಿಕ್ಕೆ ಅಂತಲಂತೂ ಓಡಿಸಲೇಬೇಡಿ.

ಹೋದ ಭಾನುವಾರ ಬೆಳಗ್ಗೆ ಕಣದಲ್ಲಿ ಎರಡು ತೆಂಗಿನ ಚಿಪ್ಪು ಇಟ್ಟಿದ್ದೆ. ಪುಟ್ಟಿ ಅವುಗಳ ಸುತ್ತ ಇಂಗ್ಲಿಷಿನ 8 ಬರೆಯುವ ಹಾಗೆ ಸುತ್ತುತ್ತಿದ್ದಳು. ಹೋಗಬೇಕಾದ ಕಡೆ ಮುಂಚೆಯೇ ಕತ್ತು ತಿರುಗಿಸಿ ನೋಡುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ಕೋಳಿ ಮರಿಗಳನ್ನು ಕಟ್ಟಿಕೊಂಡು ಕಣಕ್ಕೆ ಇಳಿಯಿತು. ನಾನು ಬಾಯಿ ತೆರೆಯುವುದರೊಳಗೆ ಅವಳೇ ಥ್ರಾಟಲ್ ಬಿಟ್ಟು, ಎರಡೂ ಬ್ರೇಕ್ ಒತ್ತಿ, ಎರಡೂ ಕಾಲು ಊರಿ ನಿಂತಳು. ನನಗೆ ಖುಷಿ ತಡೆಯಲಾಗಲಿಲ್ಲ. ಅವಳ ಕಡೆ ಓಡಲು ಶುರು ಮಾಡಿದೆ.

"ಮಾವ, ಸ್ಟ್ಯಾಚ್ಯೂ!" ಅಂದಳು. "ಕೋಳಿ ಮರಿ ಹೋಗ್ತಾ ಇದಾವೆ."

ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಇದ್ದ ಹಾಗೇ ನಿಂತೆ. ಮರಿಗಳೆಲ್ಲ ದಾಟಿ ಮೆದೆಯ ಹಿಂದೆ ಹೋದ ಮೇಲೆ ಅವಳು "ಓವರ್" ಅಂದಳು.

ನಮಸ್ಕಾರ.