ಪಕ್ಕವಾದ್ಯದ ಹಿರಿಮೆ: ಡ್ರಮ್ ವಾದಕ ಬರ್ನಾರ್ಡ್ ಪರ್ಡಿ

ಕೇಳುಗರೆ, ನಮಸ್ಕಾರ.

ನಮ್ಮ ಸಂಗೀತ ಕಛೇರಿಗಳಲ್ಲಿ ಮೃದಂಗ ನುಡಿಸುವವರ ಹೆಸರು ಆಹ್ವಾನಪತ್ರಿಕೆಯಲ್ಲಿ ಅಚ್ಚಾಗುತ್ತದೆ. ತನಿ ಆವರ್ತನದ ಹೊತ್ತಿಗೆ ಹಾಡುವವರು ಕೈಗಳನ್ನು ತೊಡೆಯ ಮೇಲಿಟ್ಟು ತಾಳ ಹಾಕುತ್ತ, ವೇದಿಕೆಯನ್ನು ಅವರಿಗೆ ಬಿಟ್ಟುಕೊಡುತ್ತಾರೆ. ಅಮೆರಿಕದ ಕಪ್ಪು ಜನರ ಚರ್ಚುಗಳ ಗಾಯನದಿಂದಲೂ ರಿದಮ್ ಅಂಡ್ ಬ್ಲೂಸ್‌ನಿಂದಲೂ ಬೆಳೆದುಬಂದ ಸೋಲ್ ಸಂಗೀತದಲ್ಲಿ, 1960ರ ದಶಕದ ಧ್ವನಿಮುದ್ರಿಕೆಗಳ ಮಟ್ಟಿಗಂತೂ, ಪಕ್ಕವಾದ್ಯದವರಿಗೆ ಈ ಮರ್ಯಾದೆ ಅಪರೂಪವಾಗಿತ್ತು. ಹಾಡಿದವರ ಭಾವಚಿತ್ರ ಹೊದಿಕೆಯ ಮೇಲಿರುತ್ತಿತ್ತು. ಆ ಹಾಡು ಕುಣಿಸುವಂತೆ ಮಾಡಿದವರು ಯಾರೆಂಬುದು ಎಷ್ಟೋ ಬಾರಿ ಎಲ್ಲಿಯೂ ಅಚ್ಚಾಗುತ್ತಿರಲಿಲ್ಲ. ಹಾಗೆ ಹೆಸರಿಲ್ಲದೆ ಜಗತ್ತಿನ ಕಿವಿ ತುಂಬಿದವರಲ್ಲಿ ಒಬ್ಬರಾದ ಬರ್ನಾರ್ಡ್ ಪರ್ಡಿ ಅವರ ಬದುಕು ಮತ್ತು ವಾದನವನ್ನು ಕುರಿತು ಇಂದು ಮಾತನಾಡುತ್ತೇನೆ.

ಪರ್ಡಿ ಹುಟ್ಟಿದ್ದು 1939ರ ಜೂನ್ 11ರಂದು, ಮೇರಿಲ್ಯಾಂಡ್ ರಾಜ್ಯದ ಎಲ್ಕ್‌ಟನ್ ಎಂಬ ಸಣ್ಣ ಊರಿನಲ್ಲಿ, 15 ಮಕ್ಕಳ ಕುಟುಂಬದಲ್ಲಿ 11ನೆಯವರಾಗಿ. ತಗಡಿನ ಡಬ್ಬಿಗಳನ್ನು ಕೋಲಿನಿಂದ ಬಡಿಯುವುದರಲ್ಲಿ ಅವರ ಅಭ್ಯಾಸ ಶುರುವಾಯಿತು. ಲೆನರ್ಡ್ ಹೇವುಡ್ ಎಂಬ ಡ್ರಮ್ ವಾದಕರು ಬೇರೆಯವರಿಗೆ ಹೇಳಿಕೊಡುತ್ತಿದ್ದ ಪಾಠವನ್ನು ಈ ಹುಡುಗ ಆಚೆಯಿಂದ ಕೇಳಿಸಿಕೊಂಡು ಮೊದಲ ಅಕ್ಷರಗಳನ್ನು ಕಲಿತ; ಮುಂದೆ ಅವರ ಬಳಿಯೇ ಶಿಷ್ಯನಾಗಿ, ಅವರ ಬಿಗ್ ಬ್ಯಾಂಡ್‌ನಲ್ಲಿ ನುಡಿಸುವಷ್ಟಕ್ಕೆ ಬೆಳೆದ. ಪಾಪಾ ಜೋ ಜೋನ್ಸ್, ಜೀನ್ ಕ್ರೂಪಾ, ಬಡ್ಡಿ ರಿಚ್, ಆರ್ಟ್ ಬ್ಲೇಕಿ ಮೊದಲಾದ ಜಾಝ್ ದಿಗ್ಗಜರನ್ನು ಅವರು ಕಿವಿಗೊಟ್ಟು ಕೇಳಿದ್ದು ಈ ಕಾಲದಲ್ಲಿ. ಪರ್ಡಿಯವರ ಸೋಲ್ ವಾದನ ಎಷ್ಟೇ ಗಟ್ಟಿಯಾಗಿದ್ದರೂ ಅದರೊಳಗೆ ಒಂದು ತೂಗಾಟ ಉಳಿದುಕೊಂಡಿರುವುದಕ್ಕೆ ಈ ಜಾಝ್ ತಳಹದಿಯೇ ಕಾರಣವೆಂದು ನನಗೆ ಅನ್ನಿಸುತ್ತದೆ.

1961ರಲ್ಲಿ ಅವರು ನ್ಯೂಯಾರ್ಕ್ ಸೇರಿದರು. ಮಿಕ್ಕಿ ಅಂಡ್ ಸಿಲ್ವಿಯಾ ಎಂಬ ಜೋಡಿಯೊಂದಿಗೆ ಧ್ವನಿಮುದ್ರಣದ ಕೆಲಸ ಸಿಕ್ಕಿತು. ಬ್ರಾಡ್‌ವೇ ಮತ್ತು 50ನೇ ಬೀದಿ ಸೇರುವಲ್ಲಿದ್ದ ಟರ್ಫ್ ಕ್ಲಬ್‌ಗೆ ಅವರು ತಪ್ಪದೆ ಹೋಗುತ್ತಿದ್ದರು; ವಾದಕರು, ಏಜೆಂಟರು, ಕಾರ್ಯಕ್ರಮ ಏರ್ಪಡಿಸುವವರು ಅಲ್ಲಿ ಸೇರಿ, ಯಾರಿಗೆ ಯಾವ ಕೆಲಸವೆಂಬುದು ನಿಂತ ನಿಲುವಿನಲ್ಲೇ ತೀರ್ಮಾನವಾಗುತ್ತಿತ್ತು. ಆ ಕಾಲದ ಸ್ಟುಡಿಯೋ ಕೆಲಸದ ರೀತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಸಾಮಾನ್ಯವಾಗಿ ಒಂದು ಸೆಷನ್ನಿನ ಅವಧಿ ಮೂರು ಗಂಟೆ. ಅಷ್ಟರೊಳಗೆ ಹಲವು ಹಾಡುಗಳು ಮುಗಿಯಬೇಕು. ವಾದಕರ ಮುಂದೆ ಹಾಡಿನ ಚೌಕಟ್ಟು ಮಾತ್ರ ಬರೆದ ಒಂದು ಹಾಳೆ ಇರುತ್ತಿತ್ತು. ಆ ಹಾಡು ಯಾವ ನಡಿಗೆಯಲ್ಲಿ ಸಾಗಬೇಕು, ಎಲ್ಲಿ ಬಿಗಿಯಾಗಬೇಕು, ಗಾಯಕಿಗೆ ಉಸಿರು ತೆಗೆದುಕೊಳ್ಳಲು ಎಲ್ಲಿ ಜಾಗ ಬಿಡಬೇಕು ಎಂಬುದನ್ನೆಲ್ಲ ಡ್ರಮ್ ವಾದಕ ಕೆಲವೇ ನಿಮಿಷಗಳಲ್ಲಿ ಕಂಡುಕೊಳ್ಳಬೇಕಾಗಿತ್ತು, ಮತ್ತು ತಪ್ಪಿದರೆ ಮರುದಿನ ಕರೆ ಬರುತ್ತಿರಲಿಲ್ಲ.

ಸೆಷನ್‌ಗಳಿಗೆ ಬರುವಾಗ ಪರ್ಡಿಯವರು ತಮ್ಮ ಹಿರಿಮೆಯನ್ನು ಸಾರುವ ಫಲಕಗಳನ್ನು ತಂದು ಡ್ರಮ್ಮುಗಳ ಪಕ್ಕದಲ್ಲಿ ನಿಲ್ಲಿಸುತ್ತಿದ್ದರೆಂಬುದು ಆ ವಲಯದಲ್ಲಿ ಪ್ರಸಿದ್ಧವಾದ ಸಂಗತಿ. ನೀವು ಗೆಲ್ಲುವ ಹಾಡು ಮಾಡುವವನನ್ನು ಕರೆಸಿದ್ದೀರಿ ಎಂಬರ್ಥದ ಬರಹ ಅದರಲ್ಲಿರುತ್ತಿತ್ತು. ಇದನ್ನು ಅಹಂಕಾರವೆಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ದುಡಿದದ್ದಕ್ಕೆ ಅಂದಿನ ಕೂಲಿಯಷ್ಟೇ ದಕ್ಕಿ, ಹಾಡು ಲಕ್ಷಗಟ್ಟಲೆ ಮಾರಾಟವಾದರೂ ಹೆಸರಾಗಲಿ ಪಾಲಾಗಲಿ ಸಿಗದ ವ್ಯವಸ್ಥೆಯೊಂದರಲ್ಲಿ, ಕಪ್ಪು ವಾದಕನೊಬ್ಬ ತನ್ನ ಹೆಸರನ್ನು ತಾನೇ ಬರೆದು ನಿಲ್ಲಿಸಿದ್ದು ನ್ಯಾಯವಾದ ಕೆಲಸವೇ ಆಗಿತ್ತು.

ಅವರ ವೃತ್ತಿಜೀವನದ ಎತ್ತರದ ವರ್ಷಗಳು ಸೋಲ್ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರೊಂದಿಗೆ ಕಳೆದವು. ಸ್ಯಾಕ್ಸೋಫೋನ್ ವಾದಕ ಕಿಂಗ್ ಕರ್ಟಿಸ್ ಅವರ ತಂಡ 1971ರ ಮಾರ್ಚ್ 5ರಿಂದ 7ರವರೆಗೆ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ವೆಸ್ಟ್ ಸಭಾಂಗಣದಲ್ಲಿ ಅರೀಥಾ ಅವರಿಗೆ ನುಡಿಸಿತು. ಗಿಟಾರ್‌ನಲ್ಲಿ ಕಾರ್ನೆಲ್ ಡುಪ್ರೀ, ಆರ್ಗನ್‌ನಲ್ಲಿ ಬಿಲ್ಲಿ ಪ್ರೆಸ್ಟನ್, ಡ್ರಮ್ಮುಗಳ ಹಿಂದೆ ಪರ್ಡಿ. ಕೊನೆಯ ರಾತ್ರಿ ಗಾಯಕ ರೇ ಚಾರ್ಲ್ಸ್ ಕೂಡ ವೇದಿಕೆಗೆ ಬಂದರು. ರಾಕ್ ಸಂಗೀತಕ್ಕೆ ಹೆಸರಾದ ಆ ಸಭೆಯನ್ನು ಸೋಲ್ ಸಂಗೀತ ಮೂರು ರಾತ್ರಿಗಳಲ್ಲಿ ಗೆದ್ದುಕೊಂಡದ್ದು ಆ ಕಛೇರಿಗಳ ಧ್ವನಿಮುದ್ರಿಕೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಕಿಂಗ್ ಕರ್ಟಿಸ್ ನ್ಯೂಯಾರ್ಕಿನಲ್ಲಿ ಚೂರಿ ಇರಿತಕ್ಕೆ ಬಲಿಯಾದರು. ಅರೀಥಾ ಅವರ ತಂಡವನ್ನು ನಡೆಸುವ ಹೊಣೆ ಪರ್ಡಿಯವರ ಹೆಗಲಿಗೆ ಬಂತು.

ಅರೀಥಾ ಅವರ ‘ರಾಕ್ ಸ್ಟೆಡಿ’ ಹಾಡಿನ ನಡುವೆ ಉಳಿದೆಲ್ಲ ವಾದ್ಯಗಳು ಹಿಂದೆ ಸರಿದು ಡ್ರಮ್ ಮಾತ್ರ ಮುಂದೆ ನಿಲ್ಲುವ ಒಂದು ಘಳಿಗೆ ಬರುತ್ತದೆ. ಅಲ್ಲಿ ಪರ್ಡಿಯವರು ಕೈಚಳಕ ತೋರಿಸುವುದಿಲ್ಲ. ಹಾಡಿನುದ್ದಕ್ಕೂ ನುಡಿಸಿದ ನಡೆಯನ್ನೇ ಮುಂದುವರಿಸುತ್ತಾರೆ. ಆದರೆ ಕಾಲಿನಿಂದ ತೆರೆದು ಮುಚ್ಚುವ ಹೈ-ಹ್ಯಾಟ್ ತಾಳಗಳು ಆಗಾಗ ‘ಸ್ಸ್‌ಪ್’ ಎಂದು ಉಸಿರೆಳೆದುಕೊಳ್ಳುವುದು ಆಗ ಬಯಲಾಗಿ ಕೇಳುತ್ತದೆ. ತನಗೆ ಬಿಟ್ಟುಕೊಟ್ಟ ಜಾಗದಲ್ಲಿಯೂ ಹಾಡಿನ ಹಿತವನ್ನೇ ಕಾಯುವ ಈ ಸಂಯಮವನ್ನು ನಾನು ಬಹಳ ದೊಡ್ಡ ವಿದ್ವತ್ತೆಂದು ಎಣಿಸುತ್ತೇನೆ. 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಅರೀಥಾ ಎರಡು ರಾತ್ರಿ ಭಕ್ತಿಗೀತೆಗಳನ್ನು ಹಾಡಿದಾಗಲೂ ಡ್ರಮ್ ನುಡಿಸಿದವರು ಇವರೇ. ಅದರ ಚಿತ್ರೀಕರಣದಲ್ಲಿ ದೃಶ್ಯಕ್ಕೂ ಧ್ವನಿಗೂ ಹೊಂದಿಕೆ ಮಾಡಲಾಗದೆ ‘ಅಮೇಜಿಂಗ್ ಗ್ರೇಸ್’ ಚಿತ್ರ ದಶಕಗಳ ಕಾಲ ಮೂಲೆಗೆ ಬಿದ್ದು, 2018ರಲ್ಲಷ್ಟೇ ತೆರೆ ಕಂಡಿತು.

ಈಗ ಅವರ ಹೆಸರಿನಿಂದಲೇ ಪ್ರಸಿದ್ಧವಾದ ‘ಪರ್ಡಿ ಷಫಲ್’ ಎಂಬ ನಡೆಯ ವಿಚಾರಕ್ಕೆ ಬರುತ್ತೇನೆ. ತಿಶ್ರ ನಡೆ ಬಲ್ಲವರಿಗೆ ಇದು ಸುಲಭವಾಗಿ ಹಿಡಿಯುತ್ತದೆ. ನಾಲ್ಕು ಎಣಿಕೆಗಳ ಒಂದು ಆವರ್ತ, ಒಂದೊಂದು ಎಣಿಕೆಯೊಳಗೂ ‘ತಕಿಟ’ ಎಂಬ ಮೂರು ಮಾತ್ರೆ, ಒಟ್ಟು 12. ಬಲಗೈ ‘ತ’ ಮತ್ತು ‘ಟ’ಗಳ ಮೇಲೆ ಹೈ-ಹ್ಯಾಟನ್ನು ನುಡಿಸುತ್ತ ಹೋಗುತ್ತದೆ. ನಡುವಿನ ‘ಕಿ’ಯ ಮೇಲೆ ಎಡಗೈ ಸ್ನೇರ್ ಡ್ರಮ್ಮನ್ನು ಮುಟ್ಟಿಯೂ ಮುಟ್ಟದಂತೆ ಸವರುತ್ತದೆ, ಕೋಲು ಚರ್ಮದಿಂದ ಒಂದೆರಡು ಬೆರಳಿನಷ್ಟು ಮಾತ್ರ ಮೇಲೇಳುತ್ತದೆ. ಇಂಥ ಪೆಟ್ಟಿಗೆ ಡ್ರಮ್ ವಾದಕರು ‘ಘೋಸ್ಟ್ ನೋಟ್’ ಎನ್ನುತ್ತಾರೆ. ಷಫಲ್ ಎಂದರೆ ಇಂಥ ತೂಗುವ ತಿಶ್ರದ ನಡೆ; ಸಾಮಾನ್ಯ ಷಫಲ್‌ನಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳ ಮೇಲೆ ಬೀಳುವ ಗಟ್ಟಿ ಪೆಟ್ಟು ಇಲ್ಲಿ ಮೂರನೆಯದರ ಮೇಲೆ ಒಮ್ಮೆ ಮಾತ್ರ ಬೀಳುತ್ತದೆ. ಇದರಿಂದ ಹಾಡು ಅರ್ಧ ವೇಗದಲ್ಲಿ ಸಾವಕಾಶವಾಗಿ ನಡೆಯುತ್ತಿರುವಂತೆಯೂ, ಅದರ ಒಳಗೆ ಏನೋ ಬಿಡುವಿಲ್ಲದೆ ಓಡುತ್ತಿರುವಂತೆಯೂ ಏಕಕಾಲಕ್ಕೆ ಕೇಳಿಸುತ್ತದೆ. ರೈಲಿನ ಓಟದ ಸದ್ದು ಈ ನಡೆಗೆ ಪ್ರೇರಣೆಯಾಯಿತೆಂದು ಪರ್ಡಿಯವರೇ ಹೇಳಿದ್ದಾರೆ. ಗಟ್ಟಿ ಪೆಟ್ಟುಗಳನ್ನು ಯಾರು ಬೇಕಾದರೂ ಅನುಕರಿಸಬಹುದು. ಆ ಸಣ್ಣ ಪೆಟ್ಟುಗಳ ಸದ್ದನ್ನು ಒಂದೇ ಸಮನಾಗಿ, ಅಷ್ಟು ತಗ್ಗಿನಲ್ಲಿ, ಹಾಡು ಮುಗಿಯುವವರೆಗೂ ಕಾಪಾಡುವುದು ವರ್ಷಗಟ್ಟಲೆ ಸಾಧನೆಯ ಫಲ.

ಈ ನಡೆ ಜಗತ್ತಿಗೆ ಪರಿಚಯವಾದದ್ದು ಅಮೆರಿಕದ ಸ್ಟೀಲಿ ಡ್ಯಾನ್ ಎಂಬ ರಾಕ್ ತಂಡದ ಮೂಲಕ. ಆ ತಂಡದ ಡೊನಾಲ್ಡ್ ಫೇಗನ್ ಮತ್ತು ವಾಲ್ಟರ್ ಬೆಕರ್ ಒಂದೊಂದು ಹಾಡಿಗೂ ತಕ್ಕ ವಾದಕರನ್ನು ಹುಡುಕಿ ತರುವವರು. 1977ರ ‘ಏಜಾ’ ಧ್ವನಿಮುದ್ರಿಕೆಯ ಏಳು ಹಾಡುಗಳಿಗೆ ಆರು ಮಂದಿ ಡ್ರಮ್ ವಾದಕರು ದುಡಿದರು, ಎರಡು ಹಾಡುಗಳಲ್ಲಿ ನುಡಿಸಿದವರು ಪರ್ಡಿ ಒಬ್ಬರೇ. ಆ ಎರಡರಲ್ಲಿ ಒಂದಾದ ‘ಹೋಮ್ ಅಟ್ ಲಾಸ್ಟ್’ ಮತ್ತು 1980ರ ‘ಬ್ಯಾಬಿಲಾನ್ ಸಿಸ್ಟರ್ಸ್’ ಈ ಷಫಲ್‌ನ ಪಾಠಗಳಾಗಿ ಉಳಿದಿವೆ. ಟೋಟೋ ತಂಡದ ಜೆಫ್ ಪೊರ್ಕಾರೋ 1982ರ ‘ರೊಸಾನಾ’ ಹಾಡಿನ ನಡೆಯನ್ನು ಕಟ್ಟುವಾಗ ಪರ್ಡಿಯವರಿಂದ ಪಡೆದದ್ದನ್ನು ಮುಚ್ಚಿಡಲಿಲ್ಲ.

ಜಾಝ್ ಕ್ಷೇತ್ರದಲ್ಲಿಯೂ ಅವರ ಓಡಾಟ ವಿಶಾಲವಾದದ್ದು. ಲೂಯಿ ಆರ್ಮ್‌ಸ್ಟ್ರಾಂಗ್, ಡಿಝಿ ಗಿಲೆಸ್ಪಿ ಅವರಂಥ ಹಿರಿಯರೊಂದಿಗೆ ನುಡಿಸಿದವರೇ ಕಟ್ಟುಪಾಡು ಒಪ್ಪದ ಸ್ಯಾಕ್ಸೋಫೋನ್ ವಾದಕ ಆಲ್ಬರ್ಟ್ ಐಲರ್ ಅವರಿಗೂ ನುಡಿಸಿದರು. ಕವಿ-ಗಾಯಕ ಗಿಲ್ ಸ್ಕಾಟ್-ಹೆರಾನ್ ಅವರ 1971ರ ‘ಪೀಸಸ್ ಆಫ್ ಎ ಮ್ಯಾನ್’ ಧ್ವನಿಮುದ್ರಿಕೆಯಲ್ಲಿ ಕವಿತೆಯ ಮಾತಿಗೆ ಬೆನ್ನೆಲುಬಾಗಿ ನಿಂತದ್ದು ರಾನ್ ಕಾರ್ಟರ್ ಅವರ ಬಾಸ್ ಮತ್ತು ಪರ್ಡಿಯವರ ಡ್ರಮ್. ಭಾರತೀಯ ಕೇಳುಗರಿಗೆ ಕುತೂಹಲ ಹುಟ್ಟಿಸುವ ಒಂದು ಕೊಂಡಿಯೂ ಇಲ್ಲಿದೆ. ಹಂಗೇರಿಯಿಂದ ಬಂದ ಗಿಟಾರ್ ವಾದಕ ಗಾಬೊರ್ ಸಾಬೊ 1966ರಲ್ಲಿ ಸಿತಾರನ್ನೂ ಕೈಗೆತ್ತಿಕೊಂಡು ‘ಜಾಝ್ ರಾಗ’ ಎಂಬ ಧ್ವನಿಮುದ್ರಿಕೆ ಮಾಡಿದಾಗ ಡ್ರಮ್ ನುಡಿಸಿದವರು ಇವರೇ. ಅದರಲ್ಲಿ ರಾಗ ಹೆಸರಿಗಷ್ಟೇ ಇದೆ ಎಂದು ನಮ್ಮ ಕಿವಿಗೆ ತೋರಬಹುದು. ಲಯ ಮಾತ್ರ ಎಲ್ಲಿಯೂ ಸಡಿಲಾಗುವುದಿಲ್ಲ.

ಬೀಟಲ್ಸ್ ತಂಡದ ಹಲವು ಹಾಡುಗಳಲ್ಲಿ ಕೇಳುವ ಡ್ರಮ್ ತಮ್ಮದೆಂದು ಪರ್ಡಿಯವರು ಅನೇಕ ಸಲ ಹೇಳಿಕೊಂಡಿದ್ದಾರೆ. ಆ ತಂಡದ ಇತಿಹಾಸವನ್ನು ಶೋಧಿಸಿದವರು ಇದನ್ನು ಒಪ್ಪಿಲ್ಲ. ಅವರ ಸ್ಥಾನವನ್ನು ಅಳೆಯಲು ಆ ಮಾತಿನ ಅಗತ್ಯವೂ ಇಲ್ಲ. ಅರೀಥಾ ಅವರೊಂದಿಗಿನ ಎರಡು ಧ್ವನಿಮುದ್ರಿಕೆಗಳೇ ಸಾಕು.

2009ರಲ್ಲಿ ಬ್ರಾಡ್‌ವೇಯಲ್ಲಿ ‘ಹೇರ್’ ಸಂಗೀತ ನಾಟಕ ಮರಳಿ ರಂಗಕ್ಕೆ ಬಂದಾಗ, 70ರ ಹೊಸ್ತಿಲಲ್ಲಿದ್ದ ಪರ್ಡಿಯವರೇ ಡ್ರಮ್ಮುಗಳ ಹಿಂದೆ ಕುಳಿತಿದ್ದರು. 2013ರಲ್ಲಿ ‘ಮಾಡರ್ನ್ ಡ್ರಮ್ಮರ್’ ಪತ್ರಿಕೆಯ ಗೌರವ ಪಟ್ಟಿಗೆ ಅವರ ಹೆಸರು ಸೇರಿತು. ಅವರನ್ನು ಮೊದಲ ಬಾರಿಗೆ ಕೇಳುವವರು ‘ರಾಕ್ ಸ್ಟೆಡಿ’ಯಿಂದ ಪ್ರಾರಂಭಿಸಿ, ಆ ಮೇಲೆ ‘ಹೋಮ್ ಅಟ್ ಲಾಸ್ಟ್’ಗೆ ಬರಲಿ, ಅದನ್ನು ಕೇಳುವಾಗ ತೊಡೆಯ ಮೇಲೆ ತಕಿಟ ತಕಿಟ ಎಂದು ತಾಳ ಹಾಕುತ್ತ, ಎಡಗೈಯ ಆ ಸಣ್ಣ ಪೆಟ್ಟುಗಳನ್ನು ಹುಡುಕಲಿ. ನಮಸ್ಕಾರ.