ಕಿಟಕಿ ಸೀಟಿನ ಕೆನ್ನೆ

ಕೇಳುಗರಿಗೆ ನಮಸ್ಕಾರ.

ಕಾಲೇಜಿನ ಕಾಲದ ಮೊಡವೆಗಳು ನನ್ನ ಎರಡೂ ಕೆನ್ನೆಯಲ್ಲಿ ಸಣ್ಣ ಸಣ್ಣ ಗುಂಡಿ ಬಿಟ್ಟು ಹೋಗಿದ್ದವು. ಇಪ್ಪತ್ತು ವರ್ಷ ಅವುಗಳ ಜೊತೆ ಸಂಸಾರ ಮಾಡಿದ್ದೆ. ಅಕ್ಕನ ಮಗಳ ಮದುವೆ ನೆಪದಲ್ಲಿ, ಏಪ್ರಿಲ್ ತಿಂಗಳಲ್ಲಿ, ಮುಂಬೈಯ ಒಂದು ಕ್ಲಿನಿಕ್ಕಿನಲ್ಲಿ ಲೇಸರ್ ಮಾಡಿಸಿಕೊಂಡೆ. "ಒಂದು ವಾರ ಕೆಂಪಗಿರುತ್ತೆ, ಅಷ್ಟೇ" ಅಂದರು.

ಕೆಂಪು ಇಳಿಯುವ ಮೊದಲೇ ತುಟಿಯ ಅಂಚಿನಲ್ಲಿ ನೀರುಗುಳ್ಳೆಗಳ ಗೊಂಚಲು ಎದ್ದಿತು. ಉರಿಯೋ ಉರಿ. ಬೇರೆ ಡಾಕ್ಟರ ಹತ್ತಿರ ಓಡಿದೆ. ಅದು ಹರ್ಪಿಸ್ ವೈರಸ್ಸಂತೆ. ಒಮ್ಮೆ ಬಂದರೆ ನರದಲ್ಲಿ ಸುಮ್ನೆ ಮಲಗಿರುತ್ತದೆ, ಲೇಸರಿನ ಪೆಟ್ಟಿಗೆ ಎದ್ದು ಕೂರಬಹುದು. ಹಿಂದೆ ಜ್ವರ ಬಂದಾಗಲೆಲ್ಲ ನನಗೆ ಅಂಥ ಗುಳ್ಳೆ ಏಳುತ್ತಿತ್ತು. ಮೊದಲೇ ಹೇಳಿದ್ದರೆ ಮಾತ್ರೆ ಕೊಟ್ಟು ತಡೆಯಬಹುದಿತ್ತು. ಕ್ಲಿನಿಕ್ಕಿನವರು ಕೇಳಲಿಲ್ಲ, ನಾನು ಹೇಳಲಿಲ್ಲ.

ತಿಂಗಳಾದ ಮೇಲೆ ನಿಜವಾದ ಕಥೆ ಶುರುವಾಯಿತು. ಕೆನ್ನೆ ಕಪ್ಪಾಗತೊಡಗಿತು, ಅದೂ ಜರಡಿ ಒತ್ತಿ ತೆಗೆದ ಹಾಗೆ ಚುಕ್ಕಿ ಚುಕ್ಕಿ. ಪಕ್ಕದ ಮನೆಯವರು, "ಏನ್ರೀ, ಒಗ್ಗರಣೆ ಸಿಡಿಯಿತಾ?" ಅಂತ ಕೇಳಿದರು.

ತಮಾಷೆ ಏನು ಗೊತ್ತಾ? ನನಗೆ ಮಾಡಿದ ಈ ಕಾರ್ಬನ್ ಡೈಆಕ್ಸೈಡ್ ಲೇಸರ್ ಬಣ್ಣದ ತಂಟೆಗೇ ಹೋಗುವುದಿಲ್ಲ. ಅದು ಹುಡುಕುವುದು ಚರ್ಮದೊಳಗಿನ ನೀರನ್ನು. ಆ ನೀರು ಕ್ಷಣದಲ್ಲಿ ಕಾದು ಆವಿಯಾಗಿ, ಕೂದಲೆಳೆಯಂಥ ತೂತುಗಳಾಗುತ್ತವೆ. ಅವು ತುಂಬಿಕೊಳ್ಳುವಾಗಲೇ ಹೊಸ ಕೊಲಾಜನ್, ಅಂದರೆ ಚರ್ಮವನ್ನು ಬಿಗಿಯಾಗಿ ಹಿಡಿಯುವ ನಾರು, ಬರುವುದು. ಆದರೆ ಆ ಬಿಸಿಗೆ ಬಣ್ಣ ತಯಾರಿಸುವ ಕೋಶಗಳು ಗಾಬರಿಯಾಗಿ ಮೆಲನಿನ್ ಸುರಿಯುತ್ತವೆ. ನಮ್ಮಂಥ ಕಂದು ಚರ್ಮದವರಲ್ಲಿ ಇದು ಜಾಸ್ತಿ. ಬಿಸಿಲು ಬಿದ್ದರಂತೂ ಕೇಳುವುದೇ ಬೇಡ. ನಾನು ದಿನಾ ಡೊಂಬಿವಿಲಿಯಿಂದ ದಾದರಿಗೆ ಬೆಳಗಿನ ಲೋಕಲ್ಲಿನಲ್ಲಿ ಹೋಗುವವಳು. ಅಪರೂಪಕ್ಕೆ ಕಿಟಕಿ ಸೀಟು ಸಿಕ್ಕರೆ ಬಿಡುವುದುಂಟೇ? ಕಿಟಕಿ ಕಡೆಯ ಎಡಗೆನ್ನೆಯೇ ಹೆಚ್ಚು ಕಪ್ಪಾಗಿತ್ತು!

ಗಾಯ ಉಬ್ಬಿ ಬೆಳೆಯುವ ಮೈ ಇರುವವರಿಗೆ ಲೇಸರಿನ ಜಾಗದಲ್ಲೇ ಹೊಸ ಕಲೆ ಏಳಬಹುದು. ಕೆಲವರಿಗೆ ತಿಂಗಳುಗಳ ನಂತರ ಚರ್ಮ ಬೆಳ್ಳಗಾಗುವುದೂ ಉಂಟು. ಆ ಲೆಕ್ಕದಲ್ಲಿ ನಾನು ಪುಣ್ಯವಂತೆ. ಸನ್‌ಸ್ಕ್ರೀನ್, ಛತ್ರಿ, ಡಾಕ್ಟರು ಬರೆದ ಮುಲಾಮು, ಇಷ್ಟರಲ್ಲಿ ಚುಕ್ಕಿಗಳು ಮಾಸಲು ಎಂಟು ತಿಂಗಳು ಹಿಡಿಯಿತು. ಮದುವೆಯ ಫೋಟೋಗಳಲ್ಲಿ ಮಾತ್ರ ಹಾಗೇ ಇವೆ.

ಗುಂಡಿಗಳು ಸ್ವಲ್ಪ ತುಂಬಿವೆ, ಸುಳ್ಳು ಹೇಳಬಾರದು. ಎರಡನೇ ಸಲಕ್ಕೆ ಬನ್ನಿ ಅಂತ ಕ್ಲಿನಿಕ್ಕಿನಿಂದ ಫೋನ್ ಬರುತ್ತಿತ್ತು. "ಮೊದಲು ಕಿವಿಯ ಹಿಂದೆ ಕಡಲೆಕಾಳಿನಷ್ಟು ಜಾಗದಲ್ಲಿ ಮಾಡಿ, ಎರಡು ತಿಂಗಳು ನೋಡೋಣ" ಅಂದೆ. ಆಮೇಲೆ ಫೋನ್ ಬಂದಿಲ್ಲ.